ಅಡಿಕೆ ತೋಟದಿಂದ ಅಳಿವೆಯ ಉಬ್ಬರದವರೆಗೆ: ಮೈನ್‌ಕ್ರಾಫ್ಟ್ ಲೋಕವನ್ನು ಕ್ಲೋಜರ್‌ನಿಂದ ನಡೆಸುವ ಬಗೆ

ಕಳೆದ ಮಳೆಗಾಲದಲ್ಲಿ ಶಿರಸಿಯ ನಮ್ಮ ಮನೆಯಲ್ಲಿ ಅಣ್ಣನ ಮಕ್ಕಳಿಬ್ಬರು ಮೈನ್‌ಕ್ರಾಫ್ಟ್ ಆಟದೊಳಗೆ ಒಂದು ಎಕರೆ ಅಡಿಕೆ ತೋಟ ಎಬ್ಬಿಸಲು ಹೊರಟರು. ಒಂಬತ್ತು ಅಡಿಗೊಂದು ಮರ ಎಂಬ ಲೆಕ್ಕ ಅವರಿಗೆ ಹುಟ್ಟಿನಿಂದಲೇ ಗೊತ್ತು. ಆದರೆ ಒಂದೊಂದು ಮರಕ್ಕೆ ಹದಿನೈದು ಬ್ಲಾಕ್ (ಆಟದ ಲೋಕವನ್ನು ಕಟ್ಟುವ ಘನಾಕಾರದ ಇಟ್ಟಿಗೆ) ಇಡಬೇಕು, ಎಕರೆಗೆ ಐನೂರಕ್ಕೂ ಮಿಕ್ಕಿ ಮರ ಬೇಕು, ಅಂದರೆ ಸುಮಾರು ಎಂಟು ಸಾವಿರ ಬ್ಲಾಕ್ ಕೈಯಿಂದಲೇ ಇಡಬೇಕು ಎಂಬುದು ಮೂರನೆಯ ಸಾಲಿಗೆ ಬರುವಾಗ ಅರಿವಾಗಿ ಇಬ್ಬರೂ ಸುಸ್ತಾದರು. ಅದೇ ತೋಟವನ್ನು ನಾಲ್ಕೈದು ಸೆಕೆಂಡಿನಲ್ಲಿ ಎಬ್ಬಿಸುವ, ಬೇಡವೆನಿಸಿದರೆ ಅಷ್ಟೇ ಬೇಗ ತೆಗೆದುಹಾಕುವ ಕಿರು ಸ್ಕ್ರಿಪ್ಟನ್ನು ಕ್ಲೋಜರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವುದು ಹೇಗೆ, ಮುಂದೆ ಅದೇ ದಾರಿಯಲ್ಲಿ ಅಘನಾಶಿನಿಯ ಅಳಿವೆಯಲ್ಲಿ ಆಗುವಂತೆ ಆಟದ ನೀರನ್ನೂ ಏರಿಸಿ ಇಳಿಸುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ಈ ಕೆಲಸಕ್ಕೆ ಕ್ಲೋಜರ್ ಏಕೆ ಎಂದರೆ, ರಿಚ್ ಹಿಕಿ 2007ರಲ್ಲಿ ಹೊರತಂದ ಈ ಭಾಷೆಯಲ್ಲಿ ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸದೆಯೇ ಅದರ ಒಂದೊಂದು ತುಣುಕನ್ನು ಬದಲಿಸಬಹುದು. ಟರ್ಮಿನಲ್‌ನಲ್ಲಿ ಒಂದು ಸಾಲು ಬರೆದು ಎಂಟರ್ ಒತ್ತಿದರೆ ಅದರ ಫಲ ಆಗಲೇ ಆಟದ ಪರದೆಯ ಮೇಲೆ ಕಾಣುತ್ತದೆ. ಹೀಗೆ ಬರೆದು, ನೋಡಿ, ತಿದ್ದುವ ಜಾಗಕ್ಕೆ ರೆಪಲ್ ಎನ್ನುತ್ತಾರೆ. ಎರಡನೆಯ ಕಾರಣ ನನಗೆ ಇನ್ನೂ ಮುಖ್ಯ. ಏನನ್ನು ಎಲ್ಲಿ ಇಡಬೇಕು ಎಂಬ ಲೆಕ್ಕವನ್ನು ಒಂದು ಕಡೆ, ಅದನ್ನು ನಿಜವಾಗಿ ಇಡುವ ಕೆಲಸವನ್ನು ಇನ್ನೊಂದು ಕಡೆ ಬೇರೆಬೇರೆಯಾಗಿ ಇಟ್ಟುಕೊಳ್ಳಲು ಈ ಭಾಷೆ ನಮ್ಮನ್ನು ಒಲಿಸುತ್ತದೆ. ಸಸಿ ನೆಡುವ ಮೊದಲು ಹಗ್ಗ ಹಿಡಿದು ಗೂಟ ಹೊಡೆಯುವುದಿಲ್ಲವೇ, ಆ ಕ್ರಮ ಇದು. ಗೂಟ ತಪ್ಪಿದರೆ ಕಿತ್ತು ಇನ್ನೊಂದು ಕಡೆ ಹೊಡೆಯಬಹುದು, ಗುಂಡಿ ತೋಡಿದ ಮೇಲೆ ಅದು ಸುಲಭವಲ್ಲ.

ಕೋಡ್ ಓದುವ ಬಗೆ

ಕೆಳಗಿನ ಕೋಡಿನಲ್ಲಿ ಕ್ಲೋಜರ್‌ನ ಮೂಲಪದಗಳನ್ನೂ ಆಟದ ಕಮಾಂಡುಗಳನ್ನೂ ಫೈಲುಗಳ ಹೆಸರುಗಳನ್ನೂ ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ಡೆಫ್‌ಎನ್ ಎಂದರೆ ಡಿ, ಇ, ಎಫ್, ಎನ್ ಎಂಬ ನಾಲ್ಕು ಅಕ್ಷರ. ಡೋಸೆಕ್ ಎಂದರೆ ಡಿ, ಒ, ಎಸ್, ಇ, ಕ್ಯೂ ಎಂಬ ಐದು. ಆದರೆ ತೋಟ, ಮರ, ಹೇಳು, ಗಮನಿಸು ಎಂದು ನಾವೇ ಇಟ್ಟ ಹೆಸರುಗಳು ಬೇರೆ ಮಾತು. ಅವನ್ನು ಕನ್ನಡ ಅಕ್ಷರಗಳಲ್ಲಿಯೇ ಟೈಪ್ ಮಾಡಿದರೂ ಕ್ಲೋಜರ್ ಒಪ್ಪಿಕೊಳ್ಳುತ್ತದೆ, ಫೈಲನ್ನು ಯುಟಿಎಫ್-8 ರೂಪದಲ್ಲಿ ಉಳಿಸಿದ್ದರೆ ಸಾಕು. ಮಕ್ಕಳಿಗೆ ಕಲಿಸುವವರು ಈ ಸೌಲಭ್ಯವನ್ನು ಬಿಡಬಾರದು. ತೋಟ ಎಂಬ ಫಂಕ್ಷನ್ನಿನ ಒಳಗೆ ಏನಿದೆ ಎಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ತಾನಾಗಿಯೇ ಊಹಿಸಿದ್ದನ್ನು ನಾನು ನೋಡಿದ್ದೇನೆ.

ಸಿದ್ಧತೆ

ಬೇಕಾದದ್ದು ಮೂರು: ಜಾವಾ, ಕ್ಲೋಜರ್, ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ. ಫೋನಿನಲ್ಲಿ ಆಡುವ ಬೆಡ್‌ರಾಕ್ ಆವೃತ್ತಿಯವರು ಜಾವಾ ಆವೃತ್ತಿಯ ಸರ್ವರಿಗೆ ನೇರವಾಗಿ ಸೇರಲಾರರು, ಆದ್ದರಿಂದ ಆಡುವವರೆಲ್ಲ ಲ್ಯಾಪ್‌ಟಾಪ್ ಅಥವಾ ಡೆಸ್ಕ್‌ಟಾಪ್ ಮುಂದೆ ಕೂರಬೇಕಾಗುತ್ತದೆ. ಆಟಕ್ಕೆ ಹಣ ಕೊಡಬೇಕು, ಆದರೆ ಸರ್ವರ್ ತಂತ್ರಾಂಶವನ್ನು ಮೈನ್‌ಕ್ರಾಫ್ಟ್‌ನ ಅಧಿಕೃತ ತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಆಟದ 1.20.5ರಿಂದ 1.21 ಸರಣಿಯವರೆಗಿನ ಆವೃತ್ತಿಗಳಿಗೆ ಜಾವಾ 21 ಬೇಕು. ಕ್ಲೋಜರ್ 1.10 ಅಥವಾ ಅದರ ನಂತರದ ಯಾವುದಾದರೂ ಆದೀತು. ನಾನು 2024ರಲ್ಲಿ ಬಂದ 1.12 ಬಳಸುತ್ತೇನೆ.

ಒಂದು ಫೋಲ್ಡರ್ ಮಾಡಿ, ಅದರೊಳಗೆ ಆಟ ಎಂಬ ಇನ್ನೊಂದು ಫೋಲ್ಡರ್ ಮಾಡಿ, ಸರ್ವರ್.ಜಾರ್ ಫೈಲನ್ನು ಅದರಲ್ಲಿಡಿ. ಮೊದಲ ಸಲ ಓಡಿಸಿದಾಗ ಸರ್ವರ್ ಕೆಲವು ಫೈಲುಗಳನ್ನು ಸೃಷ್ಟಿಸಿ ತಾನೇ ನಿಂತುಬಿಡುತ್ತದೆ. ಆಗ ಇಯುಎಲ್ಎ.ಟಿಎಕ್ಸ್‌ಟಿ ಎಂಬ ಫೈಲನ್ನು ತೆರೆದು ಫಾಲ್ಸ್ ಎಂದಿರುವಲ್ಲಿ ಟ್ರೂ ಎಂದು ಬರೆಯಿರಿ; ಅದು ಬಳಕೆಯ ಕರಾರಿಗೆ ನೀವು ಹಾಕುವ ಒಪ್ಪಿಗೆ. ಸರ್ವರ್.ಪ್ರಾಪರ್ಟೀಸ್ ಎಂಬ ಫೈಲಿನಲ್ಲಿ ಗೇಮ್‌ಮೋಡ್ ಎದುರಿಗೆ ಕ್ರಿಯೇಟಿವ್ ಎಂದೂ, ಲೆವೆಲ್-ಟೈಪ್ ಎದುರಿಗೆ ಫ್ಲಾಟ್ ಎಂದೂ ಬದಲಿಸಿ. ಹೀಗೆ ಮಾಡಿದರೆ ಸಿಗುವುದು ಹದವಾಗಿ ಸಮತಟ್ಟಾದ ನೆಲ. ಆ ಲೋಕದ ತಳ ಎತ್ತರ -64ರಲ್ಲಿ, ಹುಲ್ಲಿನ ಪದರ -61ರಲ್ಲಿ ಇರುತ್ತದೆ, ನಾವು ಕಟ್ಟುವುದೆಲ್ಲ -60ರಿಂದ ಮೇಲೆ. ಬೆಟ್ಟ ಕಣಿವೆಗಳಿರುವ ಲೋಕ ನೋಡಲು ಚಂದ, ಆದರೆ ಕಲಿಯುವಾಗ ನೆಲದ ಏರುತಗ್ಗುಗಳ ಲೆಕ್ಕ ಸೇರಿಕೊಂಡರೆ ತಲೆ ಕೆಡುತ್ತದೆ.

ಮೊದಲ ಹಂತ: ಸರ್ವರನ್ನು ಕ್ಲೋಜರ್ ಕೈಯಲ್ಲೇ ಹುಟ್ಟಿಸುವುದು

ಮೈನ್‌ಕ್ರಾಫ್ಟ್ ಸರ್ವರ್ ಓಡುವಾಗ ಅದರ ಕಪ್ಪು ಪರದೆಯಲ್ಲಿ ನಾವು ಒಂದು ಕಮಾಂಡ್ ಬರೆದರೆ ಅದನ್ನು ಓದಿ ಪಾಲಿಸುತ್ತದೆ, ಆಟದಲ್ಲಿ ಏನು ನಡೆದರೂ ಒಂದು ಸಾಲು ಬರೆದು ತಿಳಿಸುತ್ತದೆ. ನಮಗೆ ಬೇಕಾದ ಎರಡು ದಾರಿಗಳು ಇವೇ. ಮನುಷ್ಯ ಕುಳಿತು ಟೈಪ್ ಮಾಡುವ ಜಾಗದಲ್ಲಿ ನಮ್ಮ ಸ್ಕ್ರಿಪ್ಟನ್ನು ಕೂರಿಸಿದರೆ ಆಯಿತು. ಮೊದಲು ಸರ್ವರನ್ನು ಸ್ಕ್ರಿಪ್ಟಿನಿಂದಲೇ ಆರಂಭಿಸೋಣ.

(ರಿಕ್ವೈರ್ '[ಕ್ಲೋಜರ್.ಜಾವಾ.ಐಒ :ಆ್ಯಸ್ ಐಒ]
         '[ಕ್ಲೋಜರ್.ಸ್ಟ್ರಿಂಗ್ :ಆ್ಯಸ್ ಸ್ಟ್ರಿಂಗ್])

(ಡೆಫ್ ಸರ್ವರ್
  (-> (ಪ್ರೋಸೆಸ್‌ಬಿಲ್ಡರ್. ["ಜಾವಾ" "-ಎಕ್ಸ್‌ಎಂಎಕ್ಸ್2ಜಿ" "-ಜಾರ್" "ಸರ್ವರ್.ಜಾರ್" "ನೋಗುಯಿ"])
      (.ಡೈರೆಕ್ಟರಿ (ಐಒ/ಫೈಲ್ "ಆಟ"))
      (.ರಿಡೈರೆಕ್ಟ್‌ಎರರ್‌ಸ್ಟ್ರೀಮ್ ಟ್ರೂ)
      (.ಸ್ಟಾರ್ಟ್)))

(ಡೆಫ್ ಬರಹಗಾರ (ಐಒ/ರೈಟರ್ (.ಗೆಟ್‌ಔಟ್‌ಪುಟ್‌ಸ್ಟ್ರೀಮ್ ಸರ್ವರ್)))
(ಡೆಫ್ ಓದುಗ (ಐಒ/ರೀಡರ್ (.ಗೆಟ್‌ಇನ್‌ಪುಟ್‌ಸ್ಟ್ರೀಮ್ ಸರ್ವರ್)))

(ಡೆಫ್‌ಎನ್ ಹೇಳು [ಮಾತು]
  (ಲಾಕಿಂಗ್ ಬರಹಗಾರ
    (.ರೈಟ್ ಬರಹಗಾರ ಮಾತು)
    (.ನ್ಯೂಲೈನ್ ಬರಹಗಾರ)
    (.ಫ್ಲಶ್ ಬರಹಗಾರ)))

ಎಕ್ಸ್‌ಎಂಎಕ್ಸ್2ಜಿ ಎಂದರೆ ಸರ್ವರಿಗೆ ಎರಡು ಜಿಬಿ ಮೆಮೊರಿಯ ಮಿತಿ, ಮನೆಯ ನಾಲ್ಕು ಮಕ್ಕಳಿಗೆ ಅದು ಸಾಕು. ನೋಗುಯಿ ಎಂದರೆ ಬೇರೆ ಕಿಟಕಿ ತೆರೆಯಬೇಡ ಎಂಬ ಸೂಚನೆ. ಲಾಕಿಂಗ್ ಎಂಬುದನ್ನು ಬಿಟ್ಟರೂ ಮೊದಲ ದಿನ ಎಲ್ಲ ಸರಿಯಾಗಿಯೇ ನಡೆಯುತ್ತದೆ. ಮುಂದೆ ಉಬ್ಬರದ ಲೂಪ್, ಮಾತು ಕೇಳುವ ಲೂಪ್ ಎಂದು ಎರಡು ಮೂರು ಕೆಲಸಗಳು ಒಟ್ಟಿಗೆ ನಡೆಯುವಾಗ ಒಂದರ ಸಾಲಿನ ನಡುವೆ ಇನ್ನೊಂದರ ಸಾಲು ನುಗ್ಗದಂತೆ ಅದು ತಡೆಯುತ್ತದೆ, ಆದ್ದರಿಂದ ಈಗಲೇ ಇರಲಿ.

ಎರಡನೆಯ ಹಂತ: ಸರ್ವರ್ ಹೇಳುವುದನ್ನು ಕೇಳಿಸಿಕೊಳ್ಳುವುದು

ಈ ಹಂತವನ್ನು ದಾಟಿ ಮುಂದೆ ಹೋಗಲು ಯಾರಿಗಾದರೂ ಮನಸ್ಸಾಗುತ್ತದೆ, ನನಗೂ ಆಗಿತ್ತು. ಸರ್ವರ್ ಶುರುವಾಯಿತು, ಕಮಾಂಡ್ ಕಳಿಸಿದರೆ ಕೆಲಸ ಆಗುತ್ತಿತ್ತು, ಅದು ಬರೆಯುವ ಸಾಲುಗಳು ನನಗೇಕೆ ಎಂದುಕೊಂಡು ಓದುವ ಭಾಗವನ್ನು ಬರೆಯಲೇ ಇಲ್ಲ. ಸ್ವಲ್ಪ ಹೊತ್ತಿನ ಆಟದ ನಂತರ ಲೋಕವೆಲ್ಲ ಸ್ತಬ್ಧವಾಯಿತು. ಮೋಡ ಸರಿಯುತ್ತಿತ್ತು, ಮಕ್ಕಳು ಓಡಾಡಬಲ್ಲವರಾಗಿದ್ದರು, ಆದರೆ ಅವರು ಮಾಡಿದ ಯಾವುದಕ್ಕೂ ಲೋಕ ಓಗೊಡುತ್ತಿರಲಿಲ್ಲ, ಕೊನೆಗೆ ಎಲ್ಲರ ಸಂಪರ್ಕವೂ ಕಡಿಯಿತು. ಎರಡು ಸಂಜೆ ನೆಟ್‌ವರ್ಕ್ ಕೇಬಲನ್ನು ಅನುಮಾನಿಸಿದ ಮೇಲೆ ಕಾರಣ ತಿಳಿಯಿತು. ಒಂದು ಪ್ರೋಗ್ರಾಮ್ ಬರೆದದ್ದು ಇನ್ನೊಂದಕ್ಕೆ ತಲುಪುವ ಕೊಳವೆಗೆ ಒಂದು ಅಳತೆಯಿದೆ, ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ 64 ಕೆಬಿ. ಈ ಕಡೆಯಿಂದ ಯಾರೂ ಓದದಿದ್ದರೆ ಕೊಳವೆ ತುಂಬುತ್ತದೆ, ತುಂಬಿದ ಮೇಲೆ ಬರೆಯುವವನು ಜಾಗ ಸಿಗುವವರೆಗೆ ಕಾಯುತ್ತಾ ನಿಲ್ಲುತ್ತಾನೆ. ತೋಟದ ಕಾಲುವೆಯ ಬಾಯಿಗೆ ಸೋಗೆ ಕಟ್ಟಿಕೊಂಡರೆ ನೀರು ಹಿಂದಕ್ಕೆ ಒತ್ತಿ ಮೇಲಿನ ಸಾಲುಗಳೆಲ್ಲ ಜವುಳಾಗುವುದು ಇದೇ ರೀತಿ. ಆದುದರಿಂದ ಓದಿ ಎಸೆಯುವುದಾದರೂ ಸರಿ, ಓದಲೇಬೇಕು.

(ಡೆಫ್‌ಎನ್ ಗಮನಿಸು [ಸಾಲು]
  (ಪ್ರಿಂಟ್‌ಎಲ್‌ಎನ್ ಸಾಲು))

(ಫ್ಯೂಚರ್
  (ಡೋಸೆಕ್ [ಸಾಲು (ಲೈನ್-ಸೆಕ್ ಓದುಗ)]
    (ಟ್ರೈ
      (ಗಮನಿಸು ಸಾಲು)
      (ಕ್ಯಾಚ್ ಎಕ್ಸೆಪ್ಶನ್ ತಪ್ಪು
        (ಪ್ರಿಂಟ್‌ಎಲ್‌ಎನ್ "ತಪ್ಪಾಯಿತು:" (.ಗೆಟ್‌ಮೆಸೇಜ್ ತಪ್ಪು))))))

ಫ್ಯೂಚರ್ ಎಂದರೆ ಈ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತಿರಲಿ, ನನ್ನ ಕೈ ಖಾಲಿ ಇರಲಿ ಎಂದು ಹೇಳುವ ಮಾತು. ಟ್ರೈ ಮತ್ತು ಕ್ಯಾಚ್ ಇಲ್ಲಿ ಅಲಂಕಾರಕ್ಕಲ್ಲ. ಫ್ಯೂಚರ್‌ನ ಒಳಗೆ ತಪ್ಪೊಂದು ಸಂಭವಿಸಿದರೆ ಅದು ಸದ್ದಿಲ್ಲದೆ ಸಾಯುತ್ತದೆ, ಸತ್ತ ಮೇಲೆ ಓದುವವರಿಲ್ಲ, ಓದುವವರಿಲ್ಲದಿದ್ದರೆ ಮತ್ತೆ ಅದೇ ತುಂಬಿದ ಕೊಳವೆ. ಇನ್ನೊಂದು ಅನುಕೂಲವನ್ನೂ ಗಮನಿಸಿ: ಮುಂದೆ ಗಮನಿಸು ಎಂಬ ಫಂಕ್ಷನ್ನನ್ನು ಹೊಸದಾಗಿ ಬರೆದು ರೆಪಲ್‌ಗೆ ಕೊಟ್ಟರೆ, ಓಡುತ್ತಿರುವ ಲೂಪ್ ಮುಂದಿನ ಸಾಲಿನಿಂದಲೇ ಹೊಸದನ್ನು ಬಳಸುತ್ತದೆ. ಏನನ್ನೂ ನಿಲ್ಲಿಸಬೇಕಾಗಿಲ್ಲ.

ಈಗ (ಹೇಳು "ಟೈಮ್ ಸೆಟ್ ಡೇ") ಎಂದು ಕೊಟ್ಟು ನೋಡಿ, ಬೆಳಗಾಗುತ್ತದೆ. (ಹೇಳು "ವೆದರ್ ರೈನ್") ಎಂದರೆ ಮಳೆ ಹಿಡಿಯುತ್ತದೆ. ಆಟದಲ್ಲಿ ಆಡುವವರು ಕಮಾಂಡಿನ ಮುಂದೆ ಹಾಕುವ ಓರೆಗೆರೆ ಇಲ್ಲಿ ಬೇಡ.

ಮೂರನೆಯ ಹಂತ: ತೋಟದ ಲೆಕ್ಕ

ಆಟದ ಒಂದು ಬ್ಲಾಕ್ ಒಂದು ಮೀಟರ್. ಒಂಬತ್ತು ಅಡಿ ಎಂದರೆ 2.7 ಮೀಟರ್, ಮೂರು ಬ್ಲಾಕ್ ಎನ್ನೋಣ. ಎಕರೆಗೆ 43,560 ಚದರ ಅಡಿ, ಮರವೊಂದಕ್ಕೆ 81 ಚದರ ಅಡಿ, ಭಾಗಿಸಿದರೆ 537 ಮರ. ಇಪ್ಪತ್ತಮೂರು ಸಾಲು, ಸಾಲಿಗೆ ಇಪ್ಪತ್ತಮೂರು ಮರ ಎಂದರೆ 529, ಅಷ್ಟು ಸಾಕು. ಮೈನ್‌ಕ್ರಾಫ್ಟ್‌ನಲ್ಲಿ ಎಕ್ಸ್ ಅಂಕಿ ಪೂರ್ವಕ್ಕೆ ಹೋದಂತೆ ಹೆಚ್ಚುತ್ತದೆ, ಜೆಡ್ ದಕ್ಷಿಣಕ್ಕೆ ಹೋದಂತೆ ಹೆಚ್ಚುತ್ತದೆ. ಹಾಗಾಗಿ ನಾನು ಅವುಗಳಿಗೆ ಪೂರ್ವ, ದಕ್ಷಿಣ ಎಂದೇ ಹೆಸರಿಟ್ಟಿದ್ದೇನೆ.

(ಡೆಫ್‌ಎನ್ ತೋಟ [ಪೂರ್ವ ದಕ್ಷಿಣ ಸಾಲುಗಳು ಮರಗಳು]
  (ಫಾರ್ [ಸಾ (ರೇಂಜ್ ಸಾಲುಗಳು)
        ಮ (ರೇಂಜ್ ಮರಗಳು)]
    [(+ ಪೂರ್ವ (* 3 ಸಾ)) (+ ದಕ್ಷಿಣ (* 3 ಮ))]))

(ಟೇಕ್ 4 (ತೋಟ 0 0 23 23)) ಎಂದು ಕೇಳಿದರೆ ([0 0] [0 3] [0 6] [0 9]) ಎಂದು ಉತ್ತರ ಬರುತ್ತದೆ. (ಕೌಂಟ್ (ತೋಟ 0 0 23 23)) ಎಂದರೆ 529. ಆಟದಲ್ಲಿ ಇನ್ನೂ ಒಂದು ಹುಲ್ಲುಕಡ್ಡಿಯೂ ಅಲುಗಿಲ್ಲ, ಆದರೆ ತೋಟದ ಗೂಟಗಳೆಲ್ಲ ಎಲ್ಲಿವೆ ಎಂದು ನಮಗೆ ಗೊತ್ತಾಗಿದೆ. ಸಾಲು ತಪ್ಪಿದ್ದರೆ ಇಲ್ಲಿಯೇ ತಿದ್ದಿಕೊಳ್ಳಿ.

ಮುಂದಿನದು ಮರ. ಅಡಿಕೆಯ ಕಾಂಡ ತೆಳ್ಳಗಿರುವುದರಿಂದ ಪೂರ್ತಿ ಬ್ಲಾಕಿನ ದಿಮ್ಮಿ ಇಟ್ಟರೆ ಮಾವಿನ ಮರದಂತೆ ಕಾಣುತ್ತದೆ. ಜಂಗಲ್_ಫೆನ್ಸ್ ಎಂಬ ಬೇಲಿ ಕಂಬವನ್ನು ಒಂದರ ಮೇಲೊಂದು ಹತ್ತು ಇಟ್ಟರೆ ಹೋಲಿಕೆ ಚೆನ್ನಾಗಿ ಬರುತ್ತದೆ. ತುದಿಯಲ್ಲಿ ಐದು ಎಲೆ ಬ್ಲಾಕುಗಳನ್ನು ಅಡ್ಡ ಉದ್ದ ಇಟ್ಟರೆ ಸೋಗೆ.

(ಡೆಫ್‌ಎನ್ ತುಂಬು [& ಭಾಗಗಳು]
  (ಸ್ಟ್ರಿಂಗ್/ಜಾಯಿನ್ " " (ಕಾನ್ಸ್ "ಫಿಲ್" ಭಾಗಗಳು)))

(ಡೆಫ್‌ಎನ್ ಮರ [[ಪೂ ದ] ಕಾಂಡ ಸೋಗೆ]
  [(ತುಂಬು ಪೂ -60 ದ ಪೂ -51 ದ ಕಾಂಡ)
   (ತುಂಬು (ಡೆಕ್ ಪೂ) -50 ದ (ಇಂಕ್ ಪೂ) -50 ದ ಸೋಗೆ)
   (ತುಂಬು ಪೂ -50 (ಡೆಕ್ ದ) ಪೂ -50 (ಇಂಕ್ ದ) ಸೋಗೆ)])

ಮರ ಎಂಬುದೂ ಏನನ್ನೂ ನೆಡುವುದಿಲ್ಲ. ಮೂರು ಫಿಲ್ ಕಮಾಂಡುಗಳ ಪಟ್ಟಿಯನ್ನು ಕೊಡುತ್ತದೆ, ಅಷ್ಟೆ. ಫಿಲ್ ಎಂದರೆ ಎದುರುಬದುರು ಎರಡು ಮೂಲೆಗಳ ನಡುವಿನ ಜಾಗವನ್ನು ನಾವು ಹೇಳಿದ ಬ್ಲಾಕಿನಿಂದ ತುಂಬುವ ಆಟದ ಕಮಾಂಡ್. ಕಾಂಡ, ಸೋಗೆ ಯಾವ ವಸ್ತುವಿನಿಂದ ಎಂಬುದನ್ನು ಹೊರಗಿನಿಂದ ಕೊಡುವಂತೆ ಬರೆದದ್ದಕ್ಕೆ ಕಾರಣವಿದೆ. ಎರಡೂ ಕಡೆ ಏರ್, ಅಂದರೆ ಗಾಳಿ, ಎಂದು ಕೊಟ್ಟರೆ ಇದೇ ಫಂಕ್ಷನ್ ಮರವನ್ನು ತೆಗೆದುಹಾಕುವ ಪಟ್ಟಿಯನ್ನು ಕೊಡುತ್ತದೆ. ಮಾಡುವ ದಾರಿಯೇ ಅಳಿಸುವ ದಾರಿಯೂ ಆಗಿದ್ದರೆ ಮಕ್ಕಳು ಹೆದರದೆ ಪ್ರಯೋಗ ಮಾಡುತ್ತಾರೆ.

ನಾಲ್ಕನೆಯ ಹಂತ: ನೆಡುವುದು

ನೆಡುವ ಮೊದಲು ಜಾಗ ಎಚ್ಚರವಾಗಿರಬೇಕು. ಮೈನ್‌ಕ್ರಾಫ್ಟ್ ತನ್ನ ಲೋಕವನ್ನು 16 ಬ್ಲಾಕ್ ಉದ್ದ, 16 ಬ್ಲಾಕ್ ಅಗಲದ ಚಂಕ್ ಎಂಬ ತುಂಡುಗಳಾಗಿ ಇಟ್ಟುಕೊಂಡು, ಆಟಗಾರರು ಹತ್ತಿರ ಇರುವ ತುಂಡುಗಳನ್ನಷ್ಟೇ ಮೆಮೊರಿಗೆ ತರುತ್ತದೆ. ಮಲಗಿರುವ ಚಂಕ್‌ನಲ್ಲಿ ಬ್ಲಾಕ್ ಇಡಲು ಹೇಳಿದರೆ ಆ ಜಾಗ ಲೋಡ್ ಆಗಿಲ್ಲ ಎಂದು ಹೇಳಿ ಸುಮ್ಮನಾಗುತ್ತದೆ. ಅರ್ಧ ತೋಟ ಎದ್ದು ಇನ್ನರ್ಧ ಬಯಲಾಗಿ ಉಳಿದರೆ ಮೊದಲು ನೋಡಬೇಕಾದದ್ದು ಇದನ್ನು. ಫೋರ್ಸ್‌ಲೋಡ್ ಎಂಬ ಕಮಾಂಡ್ ಬೇಕಾದ ಚಂಕುಗಳನ್ನು ಎಬ್ಬಿಸಿ ಇಡುತ್ತದೆ.

(ಹೇಳು "ಫೋರ್ಸ್‌ಲೋಡ್ ಆ್ಯಡ್ -1 -1 67 67")

ಸೊನ್ನೆಯಿಂದಲ್ಲ, -1ರಿಂದ ಹೇಳಿದ್ದೇಕೆ ಎಂದು ಕೇಳಬಹುದು. ಮೊದಲ ಸಾಲಿನ ಮರ ಸೊನ್ನೆಯಲ್ಲಿದೆ, ಆದರೆ ಅದರ ಸೋಗೆ ಒಂದು ಬ್ಲಾಕ್ ಪಶ್ಚಿಮಕ್ಕೆ ಚಾಚಿ ಪಕ್ಕದ ಚಂಕ್‌ನಲ್ಲಿ ಬೀಳುತ್ತದೆ. ಒಂದು ತುದಿ ಮಲಗಿದ್ದರೂ ಫಿಲ್ ಕಮಾಂಡ್ ಆ ಸಾಲನ್ನು ಪೂರ್ತಿ ಬಿಟ್ಟುಬಿಡುತ್ತದೆ. ಹೀಗೆ ಎಬ್ಬಿಸುವುದು ಒಟ್ಟು 36 ಚಂಕ್, ಒಂದು ಕಮಾಂಡಿನ ಮಿತಿ 256. ಕಮಾಂಡ್ ಕೊಟ್ಟು ಒಂದೆರಡು ಸೆಕೆಂಡ್ ತಾಳಿ, ನಂತರ ನೆಡಿ.

(ಡೆಫ್‌ಎನ್ ನೆಡು [ಕಮಾಂಡುಗಳು]
  (ಡೋಸೆಕ್ [ಗುಂಪು (ಪಾರ್ಟಿಶನ್-ಆಲ್ 20 ಕಮಾಂಡುಗಳು)]
    (ರನ್! ಹೇಳು ಗುಂಪು)
    (ಥ್ರೆಡ್/ಸ್ಲೀಪ್ 50)))

(ನೆಡು (ಮ್ಯಾಪ್‌ಕ್ಯಾಟ್
        #(ಮರ % "ಜಂಗಲ್_ಫೆನ್ಸ್" "ಜಂಗಲ್_ಲೀವ್ಸ್[ಪರ್ಸಿಸ್ಟೆಂಟ್=ಟ್ರೂ]")
        (ತೋಟ 0 0 23 23)))

ಆಟದ ಗಡಿಯಾರ ಸೆಕೆಂಡಿಗೆ 20 ಸಲ ಮಿಡಿಯುತ್ತದೆ, ಅಂದರೆ ಒಂದು ಮಿಡಿತಕ್ಕೆ 50 ಮಿಲಿಸೆಕೆಂಡ್. ಒಂದೊಂದು ಮಿಡಿತಕ್ಕೆ ಇಪ್ಪತ್ತರಂತೆ ಕೊಟ್ಟರೆ ನಮ್ಮ 1,587 ಕಮಾಂಡುಗಳು ನಾಲ್ಕು ಸೆಕೆಂಡಿನಲ್ಲಿ ಮುಗಿಯುತ್ತವೆ. ಎಲ್ಲವನ್ನೂ ಒಮ್ಮೆಲೇ ಸುರಿದರೆ ಸರ್ವರ್ ಒಂದು ಮಿಡಿತದಲ್ಲೇ ಅವೆಲ್ಲವನ್ನೂ ಮುಗಿಸಲು ಹೊರಟು ಆಡುವವರಿಗೆ ಆಟ ತಡವರಿಸುತ್ತದೆ. ಇದಕ್ಕಿಂತ ಮುಖ್ಯವಾಗಿ, ಸಾಲು ಸಾಲಾಗಿ ಮರ ಏಳುವುದನ್ನು ನೋಡುವ ಸುಖವೂ ಹೋಗುತ್ತದೆ.

ಪರ್ಸಿಸ್ಟೆಂಟ್=ಟ್ರೂ ಎಂಬ ಬಾಲವನ್ನು ಮರೆಯಬೇಡಿ. ದಿಮ್ಮಿಯ ಆಸರೆಯಿಲ್ಲದ ಎಲೆಗಳು ಆಟದಲ್ಲಿ ತಾವಾಗಿ ಉದುರುತ್ತವೆ, ನಮ್ಮ ಕಾಂಡ ಬೇಲಿ ಕಂಬವೇ ಹೊರತು ದಿಮ್ಮಿಯಲ್ಲ. ಮೊದಲ ಸಲ ನಾನು ಅದನ್ನು ಬಿಟ್ಟಿದ್ದೆ. ತೋಟ ಎದ್ದ ಕೆಲವೇ ನಿಮಿಷಗಳಲ್ಲಿ ಸಣ್ಣವನು "ಅಪ್ಪಚ್ಚಿ, ತೋಟಕ್ಕೆ ಎಲೆಚುಕ್ಕಿ ಬಂತು" ಎಂದು ಕೂಗಿದ. ಊರಿನಲ್ಲಿ ಆ ರೋಗದಿಂದ ಒಣಗುತ್ತಿರುವ ತೋಟಗಳನ್ನು ನೋಡಿ ಬಲ್ಲ ಹುಡುಗನಿಗೆ ಅದು ಬರಿಯ ಆಟದ ಮಾತಾಗಿರಲಿಲ್ಲ.

ಐದನೆಯ ಹಂತ: ಉಬ್ಬರ ಮತ್ತು ಇಳಿತ

ತೋಟ ಒಮ್ಮೆ ನೆಟ್ಟರೆ ಮುಗಿಯಿತು. ಲೋಕ ತಾನಾಗಿ ನಡೆಯುವುದು ಎಂದರೇನೆಂದು ತಿಳಿಯಲು ನೀರಿಗೆ ಕೈ ಹಾಕಬೇಕು. ಶಿರಸಿಯ ಬಳಿ ಹುಟ್ಟುವ ಅಘನಾಶಿನಿ ತದಡಿಯ ಹತ್ತಿರ ಕಡಲು ಸೇರುವಲ್ಲಿ ಗಜನಿ ಭೂಮಿಗಳಿವೆ. ಅಲ್ಲಿ ಉಪ್ಪುನೀರಿಗೆ ಬಗ್ಗದ ಕಗ್ಗ ಭತ್ತ ಬೆಳೆಯುತ್ತಾರೆ, ಮಣ್ಣಿನ ಒಡ್ಡು ಕಟ್ಟಿ ತೂಬಿನ ಬಾಗಿಲಿನಿಂದ ನೀರನ್ನು ಹಿಡಿದು ಬಿಡುತ್ತಾರೆ. ಮೈನ್‌ಕ್ರಾಫ್ಟ್‌ನ ಕಡಲಿಗೆ ಉಬ್ಬರವೂ ಇಲ್ಲ, ಇಳಿತವೂ ಇಲ್ಲ. ಕಾರವಾರದಲ್ಲಿ ಬೆಳೆದ ಮಕ್ಕಳಿಗೆ ಆ ನಿಶ್ಚಲ ನೀರು ವಿಚಿತ್ರವಾಗಿ ಕಾಣುತ್ತದೆ.

ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಆಟದ ಒಂದು ದಿನ ನಮ್ಮ 20 ನಿಮಿಷ. ಅದೇ ಪ್ರಮಾಣದಲ್ಲಿ ಕುಗ್ಗಿಸಿದರೆ ಆಟದ ಉಬ್ಬರದ ಸುತ್ತು 621 ಸೆಕೆಂಡ್. ಮೊದಲು 31 ಬ್ಲಾಕ್ ಉದ್ದಗಲದ, ಮೂರು ಬ್ಲಾಕ್ ಎತ್ತರದ ಒಡ್ಡು ಕಟ್ಟಿ, ಒಳಗೆ ಕೆಸರು ಹಾಸೋಣ. ಕೆಸರಿಗೆ ಆಟದಲ್ಲಿ ಮಡ್ ಎಂಬ ಬ್ಲಾಕ್ ಇದೆ, ಒಡ್ಡಿಗೆ ಡರ್ಟ್.

(ಹೇಳು "ಫೋರ್ಸ್‌ಲೋಡ್ ಆ್ಯಡ್ 100 0 130 30")
(ಥ್ರೆಡ್/ಸ್ಲೀಪ್ 2000)
(ನೆಡು [(ತುಂಬು 100 -60 0 130 -58 30 "ಡರ್ಟ್")
       (ತುಂಬು 101 -60 1 129 -58 29 "ಏರ್")
       (ತುಂಬು 101 -61 1 129 -61 29 "ಮಡ್")])

ಫಿಲ್ ಕಮಾಂಡ್ ಸಾಮಾನ್ಯವಾಗಿ ಒಮ್ಮೆಗೆ 32,768 ಬ್ಲಾಕುಗಳಿಗಿಂತ ಹೆಚ್ಚು ತುಂಬಲಾರದು. ನಮ್ಮ ಒಡ್ಡು 2,883 ಮಾತ್ರ. ಇದಕ್ಕಿಂತ ದೊಡ್ಡ ಗಜನಿ ಬೇಕೆನ್ನುವವರು ಪದರ ಪದರವಾಗಿ ತುಂಬಬೇಕು.

ಈಗ ನೀರಿನ ಲೆಕ್ಕ. ಉಬ್ಬರ ಇಳಿತಗಳು ಏರುವ ಇಳಿಯುವ ರೀತಿಗೆ ಶಾಲೆಯಲ್ಲಿ ಕಲಿತ ಸೈನ್ ರೇಖೆ ಚೆನ್ನಾಗಿ ಒಪ್ಪುತ್ತದೆ.

(ಡೆಫ್‌ಎನ್ ನೀರಿನ-ಮಟ್ಟ [ಕ್ಷಣ]
  (ಮ್ಯಾತ್/ರೌಂಡ್
    (+ 1.5 (* 1.5 (ಮ್ಯಾತ್/ಸಿನ್ (/ (* 2 ಮ್ಯಾತ್/ಪೈ ಕ್ಷಣ) 621))))))

(ಡೆಫ್‌ಎನ್ ಉಬ್ಬರ [ಮಟ್ಟ]
  (ಫಾರ್ [ಪದರ (ರೇಂಜ್ 3)]
    (ತುಂಬು 101 (- ಪದರ 60) 1 129 (- ಪದರ 60) 29
          (ಇಫ್ (< ಪದರ ಮಟ್ಟ) "ವಾಟರ್" "ಏರ್"))))

(ಮ್ಯಾಪ್ ನೀರಿನ-ಮಟ್ಟ [0 155 350 466]) ಎಂದು ಕೇಳಿ ನೋಡಿ. (2 3 1 0) ಎಂದು ಬಂದರೆ ಲೆಕ್ಕ ಸರಿಯಿದೆ: 155ನೆಯ ಸೆಕೆಂಡಿಗೆ ತುಂಬು ಉಬ್ಬರ, 466ನೆಯ ಸೆಕೆಂಡಿಗೆ ಕೆಸರು ಬಿಟ್ಟುಕೊಟ್ಟ ಇಳಿತ. ಹತ್ತು ನಿಮಿಷ ಕಾದು ಆಟದಲ್ಲಿ ನೋಡಬೇಕಾದದ್ದನ್ನು ಒಂದು ಸಾಲಿನಲ್ಲಿ ಪರೀಕ್ಷಿಸಲು ಆದದ್ದು ಲೆಕ್ಕವನ್ನು ಕೆಲಸದಿಂದ ಬೇರೆ ಇಟ್ಟದ್ದರಿಂದಲೇ.

(ಡೆಫ್ ಸಾಗಲಿ (ಆಟಮ್ ಟ್ರೂ))
(ಡೆಫ್ ಈಗಿನ-ಮಟ್ಟ (ಆಟಮ್ ನಿಲ್))

(ಫ್ಯೂಚರ್
  (ವೈಲ್ @ಸಾಗಲಿ
    (ಲೆಟ್ [ಕ್ಷಣ (ಕ್ವಾಟ್ (ಸಿಸ್ಟಮ್/ಕರೆಂಟ್‌ಟೈಮ್‌ಮಿಲಿಸ್) 1000)
          ಮಟ್ಟ (ನೀರಿನ-ಮಟ್ಟ ಕ್ಷಣ)]
      (ವೆನ್ (ನಾಟ್= ಮಟ್ಟ @ಈಗಿನ-ಮಟ್ಟ)
        (ರನ್! ಹೇಳು (ಉಬ್ಬರ ಮಟ್ಟ))
        (ರೀಸೆಟ್! ಈಗಿನ-ಮಟ್ಟ ಮಟ್ಟ)))
    (ಥ್ರೆಡ್/ಸ್ಲೀಪ್ 1000)))

ಆಟಮ್ ಎಂದರೆ ಬದಲಾಗಬಲ್ಲ ಒಂದೇ ಒಂದು ಬೆಲೆಯನ್ನು ಜೋಪಾನವಾಗಿ ಇಡುವ ಡಬ್ಬಿ. ಅದರ ಮುಂದೆ ಅಟ್ ಗುರುತು ಹಾಕಿದರೆ ಒಳಗೆ ಏನಿದೆ ಎಂದು ತಿಳಿಯುತ್ತದೆ. ಲೂಪ್ ಪ್ರತಿ ಸೆಕೆಂಡಿಗೊಮ್ಮೆ ಲೆಕ್ಕ ಹಾಕುತ್ತದೆ, ಆದರೆ ಮಟ್ಟ ನಿಜವಾಗಿ ಬದಲಾದಾಗ ಮಾತ್ರ ಸರ್ವರಿಗೆ ಹೇಳುತ್ತದೆ. ನಿಲ್ಲಿಸಬೇಕೆನಿಸಿದಾಗ (ರೀಸೆಟ್! ಸಾಗಲಿ ಫಾಲ್ಸ್) ಎಂದರೆ ಸಾಕು. ತಾನಾಗಿ ಓಡುವ ಯಾವ ಲೂಪನ್ನೇ ಬರೆಯಿರಿ, ಅದನ್ನು ನಿಲ್ಲಿಸುವ ಕೀಲಿಯನ್ನು ಮೊದಲು ಬರೆಯಿರಿ.

ಸೂಕ್ಷ್ಮವಾಗಿ ನೋಡುವವರಿಗೆ ಇನ್ನೊಂದು ಕೆಲಸವಿದೆ. ಕಾರವಾರದ ಕರಾವಳಿಯಲ್ಲಿ ದಿನದ ಎರಡು ಉಬ್ಬರಗಳು ಸಮನಾಗಿರುವುದಿಲ್ಲ, ಒಂದು ಹೆಚ್ಚು, ಇನ್ನೊಂದು ಕಡಿಮೆ. 621ರ ಸೈನ್ ಜೊತೆಗೆ ಅದರ ಎರಡರಷ್ಟಾದ 1,242 ಸೆಕೆಂಡಿನ ಇನ್ನೊಂದು ಸಣ್ಣ ಸೈನ್ ಕೂಡಿಸಿದರೆ ಆ ಅಸಮತೆ ಬರುತ್ತದೆ, ಆದರೆ ಮಟ್ಟ ಸೊನ್ನೆಯಿಂದ ಮೂರರ ಒಳಗೇ ಉಳಿಯುವಂತೆ ಎರಡರ ಎತ್ತರವನ್ನೂ ತಗ್ಗಿಸಿಕೊಳ್ಳಬೇಕು. ಒಡ್ಡಿನ ಅಂಚಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಮಾತ್ರ ನಮ್ಮ ಮಕ್ಕಳು ಕೈಯಿಂದಲೇ ನೆಟ್ಟರು. ಅದನ್ನು ಸ್ಕ್ರಿಪ್ಟ್ ಮಾಡಿಕೊಡಲೇ ಎಂದಾಗ ಬೇಡವೆಂದರು.

ಆರನೆಯ ಹಂತ: ಮಕ್ಕಳ ಮಾತಿಗೆ ಓಗೊಡುವುದು

ಆಟದಲ್ಲಿ ಯಾರಾದರೂ ಚಾಟ್‌ನಲ್ಲಿ ಬರೆದರೆ ಅವರ ಹೆಸರು ಕೋನಾವರಣದೊಳಗೆ, ಮಾತು ಅದರ ಮುಂದೆ ಬರುವಂತೆ ಸರ್ವರ್ ಒಂದು ಸಾಲು ಮುದ್ರಿಸುತ್ತದೆ. ಆ ಸಾಲನ್ನು ಈಗಾಗಲೇ ಓದುತ್ತಿದ್ದೇವೆ. ಇನ್ನು ಅದನ್ನು ಅರ್ಥ ಮಾಡಿಕೊಂಡರೆ ಆಯಿತು.

(ಡೆಫ್ ನುಡಿಪಟ್ಟಿ
  {"ಮಳೆ"   ["ವೆದರ್ ರೈನ್"]
   "ಬಿಸಿಲು" ["ವೆದರ್ ಕ್ಲಿಯರ್" "ಟೈಮ್ ಸೆಟ್ ನೂನ್"]
   "ರಾತ್ರಿ"  ["ಟೈಮ್ ಸೆಟ್ ನೈಟ್"]})

(ಡೆಫ್‌ಎನ್ ಗಮನಿಸು [ಸಾಲು]
  (ಪ್ರಿಂಟ್‌ಎಲ್‌ಎನ್ ಸಾಲು)
  (ವೆನ್-ಲೆಟ್ [[_ ಯಾರು ಮಾತು] (ರೀ-ಫೈಂಡ್ #"<(.+?)> (.+)" ಸಾಲು)]
    (ರನ್! ಹೇಳು (ಗೆಟ್ ನುಡಿಪಟ್ಟಿ ಮಾತು))))

ಮಳೆ, ಬಿಸಿಲು, ರಾತ್ರಿ ಎಂಬ ಮೂರು ನುಡಿಗಳನ್ನು ಪಟ್ಟಿಯಲ್ಲೂ ಚಾಟ್‌ನಲ್ಲೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ಸುರಕ್ಷಿತ, ಏಕೆಂದರೆ ಕೆಲವು ವಿಂಡೋಸ್ ಯಂತ್ರಗಳಲ್ಲಿ ಸರ್ವರ್ ಮುದ್ರಿಸುವ ಕನ್ನಡ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಬರುತ್ತವೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಚಾಟ್‌ನಲ್ಲಿ ಬಂದ ಮಾತನ್ನು ಹಾಗೆಯೇ ಹೇಳು ಫಂಕ್ಷನ್ನಿಗೆ ಕೊಡಬೇಡಿ. ಸರ್ವರಿನ ಈ ಬಾಗಿಲಿನಿಂದ ಹೋಗುವ ಕಮಾಂಡಿಗೆ ಅತಿ ಹೆಚ್ಚಿನ ಅಧಿಕಾರವಿದೆ. ಯಾರನ್ನಾದರೂ ಹೊರಹಾಕಬಹುದು, ಸರ್ವರನ್ನೇ ನಿಲ್ಲಿಸಬಹುದು. ಪಟ್ಟಿಯಲ್ಲಿ ಇರುವ ನುಡಿಗೆ ಪಟ್ಟಿಯಲ್ಲಿ ಇರುವ ಕಮಾಂಡ್ ಮಾತ್ರ ಎಂಬ ಈ ಕ್ರಮವನ್ನು ಸಡಿಲಿಸದೆ ಇಟ್ಟುಕೊಳ್ಳಿ. ಪಟ್ಟಿಯಲ್ಲಿಲ್ಲದ ಮಾತಿಗೆ ಗೆಟ್ ಏನನ್ನೂ ಕೊಡುವುದಿಲ್ಲ, ಏನೂ ಇಲ್ಲದ್ದರ ಮೇಲೆ ರನ್! ಏನನ್ನೂ ಮಾಡುವುದಿಲ್ಲ.

ಸರ್ವರ್ ಬೇರೆ ಯಂತ್ರದಲ್ಲಿದ್ದರೆ ಈ ಕೊಳವೆಯ ದಾರಿ ಸಾಲದು. ಆಗ ಆರ್‌ಕಾನ್ ಎಂಬ ವ್ಯವಸ್ಥೆಯನ್ನು ಸರ್ವರ್.ಪ್ರಾಪರ್ಟೀಸ್‌ನಲ್ಲಿ ತೆರೆದು 25575 ಎಂಬ ಪೋರ್ಟ್ ಮೂಲಕ ಮಾತಾಡಬಹುದು. ಅದರಲ್ಲಿ ಪಾಸ್‌ವರ್ಡ್ ಗುಪ್ತಲಿಪಿಯಿಲ್ಲದೆ ಹೋಗುವುದರಿಂದ ಮನೆಯ ನೆಟ್‌ವರ್ಕಿನ ಹೊರಗೆ ಅದನ್ನು ತೆರೆಯಬಾರದು. ಇನ್ನೂ ಆಳಕ್ಕೆ ಇಳಿಯುವವರಿಗೆ ಆರ್ನೆ ಬ್ರಾಸರ್ ಬರೆದ ವಿಚ್‌ಕ್ರಾಫ್ಟ್ ಎಂಬ ಕ್ಲೋಜರ್ ಲೈಬ್ರರಿ ಇದೆ, ಅದು ಸರ್ವರಿನ ಒಳಗಿನಿಂದಲೇ ಕೆಲಸ ಮಾಡುತ್ತದೆ.

ಕೊನೆಯ ಹಂತ: ನಕಲು ಮತ್ತು ನಿಲುಗಡೆ

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ತಂತಿ ಹರಿಯುವುದು ಹೊಸದೇನಲ್ಲ. ಬರೆಯುತ್ತಿರುವಾಗ ಕರೆಂಟ್ ಹೋದರೆ ಚಂಕುಗಳು ಹಾಳಾಗಬಹುದು, ಆದ್ದರಿಂದ ನಕಲು ತೆಗೆಯುವುದನ್ನೂ ಸ್ಕ್ರಿಪ್ಟಿಗೆ ಒಪ್ಪಿಸಿ. ಓಡುತ್ತಿರುವ ಲೋಕದ ಫೋಲ್ಡರನ್ನು ಸುಮ್ಮನೆ ನಕಲಿಸಿದರೆ ಅರ್ಧ ಹಳೆಯದು ಅರ್ಧ ಹೊಸದು ಸೇರಿಕೊಳ್ಳುತ್ತದೆ. ಸೇವ್-ಆಫ್ ಎಂದು ಬರವಣಿಗೆ ತಡೆದು, ಸೇವ್-ಆಲ್ ಫ್ಲಶ್ ಎಂದು ಬಾಕಿಯಿದ್ದದ್ದನ್ನು ಡಿಸ್ಕಿಗೆ ಇಳಿಸಿ, ಆಟ ಉಳಿಸಲಾಯಿತು ಎಂಬ ಸಾಲನ್ನು ಸರ್ವರ್ ಮುದ್ರಿಸಿದ ಮೇಲೆ ವರ್ಲ್ಡ್ ಫೋಲ್ಡರನ್ನು ನಕಲಿಸಿ, ಕೊನೆಗೆ ಸೇವ್-ಆನ್ ಎನ್ನಬೇಕು. ಈ ಕೊನೆಯದನ್ನು ಮರೆತರೆ ಅಂದು ಆಡಿದ್ದು ಯಾವುದೂ ತಾನಾಗಿ ಉಳಿಯುವುದಿಲ್ಲ, ಹಾಗಾಗಿ ಅದನ್ನು ಟ್ರೈ ಒಳಗಿನ ಫೈನಲಿ ಭಾಗದಲ್ಲಿ ಬರೆಯಿರಿ. ನಕಲು ತಪ್ಪಿದರೂ ಆ ಸಾಲು ಓಡುತ್ತದೆ.

(ಟ್ರೈ
  (ಹೇಳು "ಸೇವ್-ಆಫ್")
  (ಹೇಳು "ಸೇವ್-ಆಲ್ ಫ್ಲಶ್")
  (ಥ್ರೆಡ್/ಸ್ಲೀಪ್ 5000)
  (ನಕಲಿಸು "ಆಟ/ವರ್ಲ್ಡ್" "ನಕಲು")
  (ಫೈನಲಿ (ಹೇಳು "ಸೇವ್-ಆನ್")))

ಸಣ್ಣ ಲೋಕಕ್ಕೆ ಐದು ಸೆಕೆಂಡ್ ಕಾದರೆ ಸಾಕಾಗುತ್ತದೆ. ನಕಲಿಸು ಎಂಬ ಫಂಕ್ಷನ್ನನ್ನು ನಿಮ್ಮ ಯಂತ್ರಕ್ಕೆ ತಕ್ಕಂತೆ ನೀವೇ ಬರೆಯಬೇಕು, ಲಿನಕ್ಸ್‌ನಲ್ಲಿ ಕ್ಲೋಜರ್.ಜಾವಾ.ಶೆಲ್ ಮೂಲಕ ಸಿಪಿ ಎಂಬ ಕಮಾಂಡನ್ನು ಕರೆದರೆ ಮುಗಿಯಿತು.

ಆಟ ಮುಗಿಸುವಾಗ ಟರ್ಮಿನಲ್ ಕಿಟಕಿಯನ್ನು ಹಾಗೆಯೇ ಮುಚ್ಚಬೇಡಿ. ಮೊದಲು ಉಬ್ಬರದ ಲೂಪ್ ನಿಲ್ಲಲಿ, ನಂತರ ಸರ್ವರ್ ತನ್ನ ಕೆಲಸ ಮುಗಿಸಿ ನಿಲ್ಲಲಿ, ಅದು ನಿಂತ ಮೇಲೆ ಉಳಿದ ಹಿನ್ನೆಲೆ ಕೆಲಸಗಳು ಮುಚ್ಚಿಕೊಳ್ಳಲಿ.

(ರೀಸೆಟ್! ಸಾಗಲಿ ಫಾಲ್ಸ್)
(ಹೇಳು "ಸ್ಟಾಪ್")
(.ವೇಟ್‌ಫಾರ್ ಸರ್ವರ್)
(ಶಟ್‌ಡೌನ್-ಏಜೆಂಟ್ಸ್)

ವೇಟ್‌ಫಾರ್ ಎಂಬುದು 0 ಎಂದು ಉತ್ತರ ಕೊಟ್ಟರೆ ಸರ್ವರ್ ಸರಿಯಾಗಿ ನಿಂತಿದೆ. ಮರುದಿನ ಮತ್ತೆ ಆರಂಭಿಸಿದಾಗ ತೋಟ ಇದ್ದಲ್ಲೇ ಇರುತ್ತದೆ, ಎಬ್ಬಿಸಿದ ಚಂಕುಗಳೂ ಎಚ್ಚರವಾಗಿಯೇ ಇರುತ್ತವೆ. ನೀರಿನ ಮಟ್ಟ ಮಾತ್ರ ರಾತ್ರಿ ಬಿಟ್ಟಲ್ಲೇ ನಿಂತಿರುತ್ತದೆ, ಉಬ್ಬರದ ಫ್ಯೂಚರನ್ನು ಮತ್ತೊಮ್ಮೆ ಕೊಟ್ಟ ಕೂಡಲೇ ಆ ಹೊತ್ತಿಗೆ ಸಲ್ಲುವ ಮಟ್ಟಕ್ಕೆ ಬರುತ್ತದೆ.